ಕೊನೆಯ ನಾಲ್ಕು ಸುತ್ತು

ಜನವರಿ 6, ಸೋಮವಾರ

ಸ್ಪರ್ಧೆಗೆ ಹೆಸರು ಕೊಟ್ಟುಬಿಟ್ಟೆ! ಅಕ್ಷರಗಳು ಕೋಳಿ ಕೆದಕಿದ ಹಾಗೆ ಬರುತ್ತಿವೆ. ಬರಲಿ, ಓದುವವಳು ನಾನೊಬ್ಬಳೇ.

ಮೇ ನಾಲ್ಕನೇ ತಾರೀಖು. ಮೊದಲು ಕೆರೆಯಲ್ಲಿ ಸಾವಿರದ ಒಂಬೈನೂರು ಮೀಟರ್ ಈಜು. ಎದ್ದು ಬಂದು ತೊಂಬತ್ತು ಕಿಲೋಮೀಟರ್ ಸೈಕಲ್. ಇಳಿದು ಇಪ್ಪತ್ತೊಂದು ಕಿಲೋಮೀಟರ್, ಮೇಲೆ ನೂರು ಮೀಟರ್ ಓಟ. ಎಲ್ಲ ಸೇರಿ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು. ನನಗೆ ನಲವತ್ತಮೂರು ವಯಸ್ಸು. ಈಜು ಬರುತ್ತದೆ, ಮುಳುಗದಷ್ಟು.

ಮೊದಲು ಅಕ್ಕನಿಗೆ ಫೋನ್ ಮಾಡಿದೆ. ಅರ್ಧ ನಿಮಿಷ ಬರೀ ನಗು.

"ಯಾರು, ನೀನಾ? ಅಯ್ಯೋ ಅರ್ಧಮ್ಮಾ, ಕೆರೆ ಮಧ್ಯದಲ್ಲಿ ಬೇಜಾರಾದ್ರೆ ಏನೇ ಮಾಡ್ತೀಯ? ಅಲ್ಲಿ ಬಸ್ ಸ್ಟಾಪ್ ಇರಲ್ಲ!"

ಅರ್ಧಮ್ಮ ಅಂತ ನನಗೆ ಹೆಸರಿಟ್ಟವಳೂ ಅವಳೇ. ಆಗ ನನಗೆ ಹನ್ನೆರಡು. ಆಮೇಲೆ ಇಡೀ ಮನೆತನ ಅದನ್ನೇ ಹಿಡಿಯಿತು. ಹಿಡಿಯದೆ ಏನು ಮಾಡಿಯಾರು? ಪಿಟೀಲು ಮೂರು ತಿಂಗಳು. ಟೈಪಿಂಗ್ ಎಡಗೈವರೆಗೆ. ಹಿಂದಿನ ಕೋಣೆಯ ಬಾಗಿಲು ಸೊಂಟದವರೆಗೆ ನೀಲಿ, ಅದರ ಮೇಲೆ ಹಳೇ ಬಣ್ಣ. ನಮ್ಮವರಿಗೆ ಅಂತ ಹೆಣೆದ ಸ್ವೆಟರಿಗೆ ಒಂದೇ ತೋಳು. "ಒಂದು ಕೈಗೆ ಮಾತ್ರ ಚಳಿಯಾದ ದಿನ ಹಾಕ್ಕೋತೀನಿ ಬಿಡು" ಅನ್ನುತ್ತಾರೆ ಪಾಪ. ಬೀರುವಿನಲ್ಲಿ ಅರ್ಧಕ್ಕೆ ನಿಂತ ದಿನಚರಿಗಳೇ ಐದಿವೆ.

ಇದರ ಎರಡರಷ್ಟು ದೂರದ ಪೂರ್ತಿ ಸ್ಪರ್ಧೆ ಬೇರೆ ಇದೆಯಂತೆ, ಇದಕ್ಕೆ ಅರ್ಧದ ಸ್ಪರ್ಧೆ ಅನ್ನುತ್ತಾರಂತೆ. ಅದನ್ನು ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಮುಗೀತು ನನ್ನ ಕಥೆ.

ಇದನ್ನೂ ಮಧ್ಯದಲ್ಲಿ ಬಿಟ್ಟರೆ ಆ ಹೆಸರು ನನ್ನದೇ ಅಂತ ನಾನೇ ಸಹಿ ಹಾಕಿದ ಹಾಗೆ. ತಲೆ ಮೇಲೆ ತಲೆ ಬಿದ್ದರೂ ಬಿಡುವುದಿಲ್ಲ. ಅಕ್ಕನ ಬಾಯಿ ಮುಚ್ಚಿಸಬೇಕು, ಅಷ್ಟೇ. ಇನ್ನು ನೂರಾ ಹದಿನೆಂಟು ದಿನ!

ಜನವರಿ 15, ಬುಧವಾರ

ಬೆಳಿಗ್ಗೆ ಆರಕ್ಕೆ ಈಜುಕೊಳ. ಸ್ಪರ್ಧೆಯಷ್ಟು ದೂರಕ್ಕೆ ಎಪ್ಪತ್ತಾರು ಸುತ್ತು ಬೇಕು. ಇವತ್ತು ಹದಿನೆಂಟಕ್ಕೇ ಶ್ವಾಸ ಬಾಯಿಗೆ ಬಂತು. ಆದರೂ ಖುಷಿ! ಮೊನ್ನೆ ಹನ್ನೆರಡಿತ್ತು.

ಪಕ್ಕದ ಸಾಲಿನಲ್ಲಿ ಒಬ್ಬರು ಅಜ್ಜಿ ಈಜುತ್ತಾರೆ. ಸದ್ದಿಲ್ಲ, ನೊರೆಯಿಲ್ಲ, ನಿಲ್ಲುವುದೂ ಇಲ್ಲ. ನಾನು ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದಾಗ ಹತ್ತಿರ ಬಂದು ಈಜಿನ ಕನ್ನಡಕ ಮೇಲೆತ್ತಿದರು. ಬಾಯಲ್ಲಿ ಒಂದೂ ಹಲ್ಲಿಲ್ಲ, ಕೆನ್ನೆ ಒಳಗೆ ಹೋಗಿದೆ.

"ಏನೇ ಹುಡುಗಿ, ನೀರಿಗೆ ಯಾಕೆ ಹಾಗೆ ಹೊಡೀತಿದ್ದೀಯ? ಅದೇನು ಮಾಡ್ತು ನಿನಗೆ?"

ನಲವತ್ತಮೂರಕ್ಕೆ ಹುಡುಗಿ ಅನ್ನಿಸಿಕೊಂಡೆ, ಸಾಕು! ಮೂವತ್ತನಾಲ್ಕು ವರ್ಷ ರೈಲ್ವೆ ಟಿಕೆಟ್ ಕೌಂಟರಿನಲ್ಲಿದ್ದರಂತೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವುದು ಅಭ್ಯಾಸ. ನಾನು ಹದಿನೆಂಟು ಅಂದರೆ, "ಹದಿನೇಳೂವರೆ. ಕೊನೇದರಲ್ಲಿ ಅರ್ಧ ದೂರ ನಡ್ಕೊಂಡು ಬಂದೆ" ಅಂದರು.

ಫೆಬ್ರವರಿ 2, ಭಾನುವಾರ

ಎಪ್ಪತ್ತೆರಡು ಸುತ್ತು!! ಕೈ ತೋಳಿನಿಂದ ಕಳಚಿ ಬೀಳುತ್ತಿತ್ತು. ನಾಲ್ಕು ಸುತ್ತು ಏನು ಮಹಾ, ಮುಂದಿನ ಸಲ ನೋಡೋಣ ಅಂತ ಮೆಟ್ಟಿಲು ಹತ್ತಿದೆ.

"ಎಲ್ಲಿಗೆ ಸವಾರಿ?" ಅಜ್ಜಿಯ ದನಿ ಹಿಂದಿನಿಂದ.

"ಸಾಕಾಯ್ತು ಅಜ್ಜಿ. ಹತ್ರಹತ್ರ ಮುಗೀತಲ್ಲ."

"ನನಗೆ ವಯಸ್ಸೆಷ್ಟು ಗೊತ್ತಾ? ಎಪ್ಪತ್ತಾರು. ಒಂದೊಂದು ಸುತ್ತೂ ನನ್ನ ಒಂದೊಂದು ವರ್ಷ ಅಂತ ಕೂತು ಎಣಿಸ್ತಿದ್ದೆ. ಏಳನೇದಕ್ಕೆ ಸ್ಕೂಲಿಗೆ ಹೋದೆ, ಇಪ್ಪತ್ತೊಂದಕ್ಕೆ ಕೆಲಸ ಸಿಕ್ತು, ಅರವತ್ತಕ್ಕೆ ಈಜು ಕಲಿತೆ. ನೀನು ನೋಡಿದ್ರೆ ಎಪ್ಪತ್ತೆರಡಕ್ಕೇ ನನ್ನನ್ನ ಸಾಯಿಸಿ ಮನೆಗೆ ಹೊರಟಿದ್ದೀಯಲ್ಲೇ!"

ಕೊಳದಲ್ಲಿದ್ದವರೆಲ್ಲ ನಕ್ಕರು. ಮತ್ತೆ ನೀರಿಗಿಳಿದೆ. ಎಪ್ಪತ್ತಮೂರು, ಎಪ್ಪತ್ತನಾಲ್ಕು, ಎಪ್ಪತ್ತೈದು... ಪ್ರತಿ ಸುತ್ತಿಗೂ ಅಜ್ಜಿ ದಡದಲ್ಲಿ, "ಈ ವರ್ಷ ಮಂಡಿ ನೋವು", "ಈ ವರ್ಷ ಹಲ್ಲು ಕಟ್ಟಿಸಿದೆ", "ಈಗ ಬಂದೆ ನೋಡು, ಇವತ್ತಿಗೆ!" ಅಂತ ಕೂಗಿದರು. ನಗುತ್ತಾ ನಗುತ್ತಾ ಅರ್ಧ ಕೊಳ ಕುಡಿದೆ.

ಫೆಬ್ರವರಿ 16, ಭಾನುವಾರ

ಓಟಕ್ಕೊಂದು ಉಪಾಯ ಹೊಳೆದಿದೆ, ಬರೆದಿಡದಿದ್ದರೆ ಹೊಟ್ಟೆ ಒಡೆಯುತ್ತದೆ!

ನನ್ನ ಕೆಲಸ ಹಲ್ಲುಸೆಟ್ ಮಾಡುವುದು. ಡಾಕ್ಟರುಗಳು ಅಳತೆ ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಮೇಣದ ಮೇಲೆ ಒಂದೊಂದಾಗಿ ಹಲ್ಲು ಕೂರಿಸುತ್ತೇನೆ. ನಮ್ಮಲ್ಲಿಗೆ ಬಾಯಿಗಳು ಬರುತ್ತವೆ, ಮುಖಗಳು ಬರುವುದಿಲ್ಲ. ಪೂರ್ತಿ ಸೆಟ್ಟಿಗೆ ಇಪ್ಪತ್ತೆಂಟು ಹಲ್ಲು. ಇವತ್ತು ಓಡುತ್ತಾ ಲೆಕ್ಕ ಹಾಕಿದೆ: ಏಳುನೂರೈವತ್ತು ಮೀಟರಿಗೆ ಒಂದು ಹಲ್ಲು ಅಂದರೆ ಇಪ್ಪತ್ತೆಂಟಕ್ಕೆ ಸರಿಯಾಗಿ ಇಪ್ಪತ್ತೊಂದು ಕಿಲೋಮೀಟರ್! ಮೇಲೆ ಉಳಿಯುವ ನೂರು ಮೀಟರ್ ನಗುವುದಕ್ಕೆ.

ಮುಂದಿನ ಹಲ್ಲುಗಳಿಂದ ಶುರು. ಅವು ಸಲೀಸು, ನೋಡುವವರ ಕಣ್ಣಿಗೆ ಬೀಳುವಂಥವು. ಆಮೇಲೆ ಕೋರೆ, ಆಮೇಲೆ ದವಡೆ. ಕಟ್ಟಕಡೆಯ ದವಡೆ ಹಲ್ಲು ಯಾರಿಗೂ ಕಾಣುವುದಿಲ್ಲ, ಅಗಿಯುವುದು ಮಾತ್ರ ಅದೇ. ಇವತ್ತು ಹದಿನಾರು ಹಲ್ಲು ಕೂರಿಸಿ ಮನೆಗೆ ಬಂದೆ. ಎದುರು ಸಿಕ್ಕವರು ನನ್ನ ನೋಡಿ ಬೇರೆ ದಾರಿ ಹಿಡಿದರು. ಜೋರಾಗಿ ಎಣಿಸುತ್ತಿದ್ದೆ ಅಂತ ಕಾಣುತ್ತದೆ.

ಫೆಬ್ರವರಿ 27, ಗುರುವಾರ

ಮೈಕೈ ನೋವು. ಸೈಕಲ್ಲಿನ ಮುಖ ನೋಡಿದರೆ ಸಿಟ್ಟು. ಬರೆಯಲಾರೆ.

ಮಾರ್ಚ್ 9, ಭಾನುವಾರ

ಎಪ್ಪತ್ತೈದು ಕಿಲೋಮೀಟರ್ ಸೈಕಲ್! ಹಿಂದಿನಿಂದ ಗಾಳಿ ತಳ್ಳಿತು ಅಂತ ಯಾರಾದರೂ ಅಂದರೆ ಜಗಳಕ್ಕೇ ಹೋಗುತ್ತೇನೆ. ನಮ್ಮವರು ಬಾಗಿಲಲ್ಲೇ ನೀರಿನ ಚೊಂಬು ಹಿಡಿದು ನಿಂತಿದ್ದರು. "ಇಳಿಯೋಕಾಗತ್ತಾ, ಇಲ್ಲಾ ಸೈಕಲ್ ಸಮೇತ ಒಳಗೆ ತಗೊಂಡು ಹೋಗ್ಲಾ?" ಅಂದರು.

ಮಧ್ಯಾಹ್ನ ಕಾಲು ಚಾಚಿ ಕೂರಲೇಬೇಕಾಯಿತು. ಕೈ ಸುಮ್ಮನಿರಲಿಲ್ಲ, ಆ ಸ್ವೆಟರ್ ಎತ್ತಿಕೊಂಡೆ. ಎರಡನೇ ತೋಳು ಮೊಣಕೈವರೆಗೆ ಬಂದಿದೆ.

ಮಾರ್ಚ್ 19, ಬುಧವಾರ

ಎಪ್ಪತ್ತಾರು ಸುತ್ತು, ಅರವತ್ತೆಂಟು ನಿಮಿಷ. ಸ್ಪರ್ಧೆಯಲ್ಲಿ ಈಜಿಗೆ ಎಪ್ಪತ್ತೇ ನಿಮಿಷ, ಅದರೊಳಗೆ ಬಂದೆ! ಕುಣಿಯುತ್ತಾ ಬಟ್ಟೆ ಬದಲಿಸುವ ಕೋಣೆಗೆ ಹೋದೆ. ಅಲ್ಲಿಗೆ ಇವತ್ತಿನ ಕುಣಿತ ಮುಗಿಯಿತು.

ಅಜ್ಜಿ ಈಜುವ ಮುಂಚೆ ಹಲ್ಲುಸೆಟ್ ತೆಗೆದು ಸಾಬೂನಿನ ಡಬ್ಬಿಯಲ್ಲಿಡುತ್ತಾರೆ. "ಒಂಚೂರು ತೊಳೆದು ಕೊಡೇ ಮಗಳೇ, ನನ್ನ ಕೈಯೆಲ್ಲ ಎಣ್ಣೆ" ಅಂದರು. ತೊಳೆಯುತ್ತಾ ತಿರುಗಿಸಿದೆ. ಒಳಗಡೆ ಅಕ್ಕಿಕಾಳಿನಷ್ಟು ಚೀಟಿ, ನಮ್ಮ ಲ್ಯಾಬಿನ ಗುರುತು. 4417.

"ಚೆನ್ನಾಗಿ ಕೂರುತ್ತಾ ಅಜ್ಜಿ?" ಕೇಳಿದೆ. ಹೊಗಳಿಸಿಕೊಳ್ಳುವ ಆಸೆ.

"ಊಟಕ್ಕೆ ಕೂತಾಗ ತೆಗೆದಿಡ್ತೀನಿ. ಕಚ್ಚಿದ್ರೆ ಒಂದು ಕಡೆ ಎದ್ದು ಕೂರುತ್ತೆ, ವಸಡೆಲ್ಲ ಹುಣ್ಣು. ಡಾಕ್ಟ್ರ ಹತ್ರ ಮೂರು ಸಲ ಹೋದೆ, ಅವರೂ ಒಂಚೂರು ಒಂಚೂರು ಉಜ್ಜಿದ್ರು. ನನ್ನ ದವಡೆನೇ ಸರಿಯಿಲ್ಲ ಕಣೇ, ಯಾರನ್ನ ಏನಂತ ಅನ್ನಲಿ? ಒಂದು ಕ್ಯಾರೆಟ್ ಕಚ್ಚಿ ವರ್ಷವಾಯ್ತು. ಆ ಸದ್ದೇ ಮರೆತುಹೋಗಿದೆ."

ಮಾರ್ಚ್ 20, ಗುರುವಾರ

ಕೆಲಸದ ಪುಸ್ತಕ ತೆಗೆದು ನೋಡಿದೆ. 4417, ಮಾಡಿದವಳು ನಾನೇ. ಕಳೆದ ವರ್ಷ ಮಾರ್ಚ್ ತಿಂಗಳು, ಸಂಜೆ.

ಮೇಣದ ಜಾಗಕ್ಕೆ ಪ್ಲಾಸ್ಟಿಕ್ ತುಂಬಿ ಸೆಟ್ ಬೇಯಿಸಿ ತೆಗೆದ ಮೇಲೆ ಹಲ್ಲುಗಳು ಕೂದಲೆಳೆಯಷ್ಟು ಆಚೀಚೆ ಸರಿದಿರುತ್ತವೆ. ಅದನ್ನು ಮತ್ತೆ ಬಾಯಿಯ ಹಾಗೆ ತೆರೆದು ಮುಚ್ಚುವ ಯಂತ್ರದ ದವಡೆಗೆ ಕೂರಿಸಿ, ನಡುವೆ ನೀಲಿ ಕಾಗದ ಕಚ್ಚಿಸಿ, ಹೆಚ್ಚು ಬಣ್ಣ ಹತ್ತಿದ ಕಡೆ ಉಜ್ಜಬೇಕು. ಎಲ್ಲ ಹಲ್ಲೂ ಒಟ್ಟಿಗೆ ಕೂಡುವವರೆಗೆ. ಅದೇ ಕೊನೇ ಕೆಲಸ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಅವತ್ತು ಪಿಟೀಲು ಕ್ಲಾಸಿಗೆ ಹೊತ್ತಾಗಿತ್ತು. ಡಾಕ್ಟರು ಹೇಗೂ ನೋಡಿಕೊಳ್ಳುತ್ತಾರೆ ಅಂದುಕೊಂಡೆ, ಮಾಡಲಿಲ್ಲ. ಪುಸ್ತಕದಲ್ಲಿ ಆ ಕೆಲಸದ ಮುಂದೆ ಟಿಕ್ ಮಾತ್ರ ಹಾಕಿದ್ದೇನೆ, ದುಂಡಗೆ.

ಮಾರ್ಚ್ 22, ಶನಿವಾರ

ಕೊಳಕ್ಕೆ ಹೋಗಲಿಲ್ಲ.

ಮಾರ್ಚ್ 24, ಸೋಮವಾರ

ಇವತ್ತೂ ಹೋಗಲಿಲ್ಲ. ಶೂ ಕಟ್ಟಿ ಹೊರಟೆ, ಮೂರನೇ ಹಲ್ಲಿಗೇ ವಾಪಸು ಬಂದೆ. ಸ್ಪರ್ಧೆ ಬಿಟ್ಟುಬಿಟ್ಟರೆ ಆ ಕೊಳಕ್ಕೆ ಹೋಗುವ ಅಗತ್ಯವೇ ಇಲ್ಲ, ಅಜ್ಜಿಗೆ ಮುಖ ತೋರಿಸುವ ಅಗತ್ಯವೂ ಇಲ್ಲ. ಅಕ್ಕ ಒಂದು ವಾರ ನಗುತ್ತಾಳೆ, ಅಷ್ಟೇ ತಾನೇ.

ನಮ್ಮವರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅವರಿಗೆ ಹೇಳಿ ಬಂದು ಆಮೇಲೆ ಬೇಕಾದ್ರೆ ಬಿಡು" ಅಂದು ಪೇಪರ್ ಓದತೊಡಗಿದರು. ಇಂಥ ಗಂಡನ ಜೊತೆ ಸಂಸಾರ ಮಾಡುವುದು ಸುಲಭವಲ್ಲ.

ಮಾರ್ಚ್ 26, ಬುಧವಾರ

ಹೇಳಿದೆ! ಎಲ್ಲ ಹೇಳಿದೆ!

ಕೊಳದ ದಡದಲ್ಲೇ, ನೀರಿಗಿಳಿಯುವ ಮುಂಚೆ. ನಂಬರು, ಪಿಟೀಲು, ನೀಲಿ ಕಾಗದ, ಟಿಕ್. ಅಜ್ಜಿ ಎರಡೂ ಕೈಯಲ್ಲಿ ತಮ್ಮ ದವಡೆ ಹಿಡಿದುಕೊಂಡು,

"ಅಂದ್ರೆ... ನನ್ನ ದವಡೆ ಸರಿಯಾಗೇ ಇದೆಯಾ?"

"ಸರಿಯಾಗಿದೆ ಅಜ್ಜಿ. ತಪ್ಪು ನನ್ನದೇ."

"ಸರಿಯಾಗೇ ಇದೆ!" ಅಜ್ಜಿಯ ಮುಖ ಅರಳಿದ್ದು ನೋಡಬೇಕಿತ್ತು. "ಒಂದು ವರ್ಷ ಕಣೇ! ಇಷ್ಟು ವರ್ಷ ದುಡಿದ ದವಡೆನ ಒಂದು ವರ್ಷ ಬೈಕೊಂಡು, ಮೆತ್ತಗೆ ಬೇಯಿಸಿದ್ದೇ ನುಂಗ್ತಾ ಕೂತಿದ್ದೆ!" ಅಂದವರೇ ನನ್ನ ಕಿವಿ ಹಿಡಿದು ಹಿಂಡಿದರು. ನಿಜವಾಗಿ ಹಿಂಡಿದರು, ಈಗಲೂ ಉರಿಯುತ್ತಿದೆ. "ಇದು ಕ್ಯಾರೆಟ್‌ಗೆ. ಸರಿ, ನನ್ನದೊಂದೇನಾ? ಇಂಥವು ಇನ್ನೂ ಇವೆಯಾ?"

ಟಿಕೆಟ್ ಕೌಂಟರಿನ ಕಣ್ಣು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇರಬಹುದು ಅಂದೆ.

"ಎಣಿಸು. ಮೊದಲು ಈಜು, ಆಮೇಲೆ ಎಣಿಸು."

ಎಪ್ಪತ್ತಾರು ಈಜಿದೆ. ಸಂಜೆ ಪುಸ್ತಕ ತೆಗೆದು, ಕೆಲಸ ಬಿಟ್ಟು ಬರೀ ಟಿಕ್ ಹಾಕಿದ್ದನ್ನೆಲ್ಲ ನೆನೆದು ಎಣಿಸಿದೆ. ಅಜ್ಜಿಯದೂ ಸೇರಿ ಹನ್ನೊಂದು.

ಮಾರ್ಚ್ 27, ಗುರುವಾರ

ಲ್ಯಾಬಿನ ಸರ್ ಕುರ್ಚಿಯಿಂದ ಎದ್ದೇ ನಿಂತರು. "ನೋಡಮ್ಮ, ಹನ್ನೊಂದು ಸೆಟ್ ವಾಪಸ್ ಕಳ್ಸಿ ಅಂತ ಡಾಕ್ಟ್ರುಗಳಿಗೆ ನಾನೇ ಫೋನ್ ಮಾಡಿ ನನ್ನ ಮರ್ಯಾದೆ ನಾನೇ ಕಳ್ಕೊಳ್ಳಲಾ?"

"ನಾನು ಮಾಡ್ತೀನಿ ಸರ್. ನನ್ನ ಹೆಸರು ಹೇಳಿಯೇ ಮಾಡ್ತೀನಿ."

ತುಂಬಾ ಹೊತ್ತು ಬೈದರು. ಬೈಯುವುದು ನ್ಯಾಯವೇ. ಕೊನೆಗೆ, "ಕೆಲಸದ ಹೊತ್ತಲ್ಲಿ ಬೇಡ. ನಿನ್ನ ಹೊತ್ತಲ್ಲಿ ಮಾಡ್ಕೋ" ಅಂದರು.

ನನ್ನ ಹೊತ್ತು ಅಂದರೆ ಸಂಜೆ ಮತ್ತು ಭಾನುವಾರ. ಸಂಜೆ ಓಟ, ಭಾನುವಾರ ಸೈಕಲ್. ಸ್ಪರ್ಧೆಗೆ ಇನ್ನು ಮೂವತ್ತೆಂಟು ದಿನ. ಇರಲಿ ನೋಡೋಣ, ಈಜಂತೂ ಬೆಳಿಗ್ಗೆ ಇದ್ದೇ ಇದೆ.

ಏಪ್ರಿಲ್ 6, ಭಾನುವಾರ

ಇವತ್ತು ತೊಂಬತ್ತು ಕಿಲೋಮೀಟರ್ ತುಳಿಯಬೇಕಿತ್ತು. ಲ್ಯಾಬಿನಲ್ಲಿದ್ದೆ. ಅಜ್ಜಿಯ ಡಾಕ್ಟರು ಹೊಸದಾಗಿ ಕಚ್ಚಿಸಿ ಅಳತೆ ಕಳಿಸಿದ್ದರು. ಯಂತ್ರದ ದವಡೆಗೆ ಕೂರಿಸಿ ನೀಲಿ ಕಾಗದ ಇಟ್ಟು ಕಚ್ಚಿಸಿದರೆ ಎಡಗಡೆ ಒಂದೇ ಒಂದು ದೊಡ್ಡ ಚುಕ್ಕೆ! ಇಡೀ ಬಾಯಿಯ ಭಾರ ಆ ಒಂದು ಹಲ್ಲಿನ ಮೇಲೆ ಬೀಳುತ್ತಿತ್ತು. ಉಜ್ಜಿದೆ, ಕಚ್ಚಿಸಿದೆ, ಮತ್ತೆ ಉಜ್ಜಿದೆ. ಎರಡು ಗಂಟೆಯ ಮೇಲೆ ಎರಡೂ ಕಡೆ ಸಣ್ಣಸಣ್ಣ ನೀಲಿ ಚುಕ್ಕೆಗಳು ಸಮನಾಗಿ ಮೂಡಿದಾಗ ಒಬ್ಬಳೇ ಚಪ್ಪಾಳೆ ತಟ್ಟಿದೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಇದರಲ್ಲಿ ಇಷ್ಟು ಖುಷಿ ಇದೆ ಅಂತ ಯಾರೂ ಹೇಳಿರಲಿಲ್ಲ.

ಏಪ್ರಿಲ್ 9, ಬುಧವಾರ

ಸೆಟ್ ಅಜ್ಜಿಗೆ ತಲುಪಿದೆ. ಕ್ಯಾರೆಟ್ ಕಚ್ಚಿದಿರಾ ಅಂತ ಕೇಳಿದರೆ ತಲೆ ಅಲ್ಲಾಡಿಸಿದರು.

"ಒಂದೇ ಸಲ ಅಷ್ಟು ದೂರ ಓಡ್ತಾರಾ ಯಾರಾದ್ರೂ? ನಾನೂ ತರಬೇತಿ ಮಾಡ್ತೀನಿ. ಈ ವಾರ ಬ್ರೆಡ್ಡು, ಮುಂದಿನ ವಾರ ಸೌತೆಕಾಯಿ. ಕ್ಯಾರೆಟ್ ಮೇ ನಾಲ್ಕಕ್ಕೆ. ನೀನು ಮುಗಿಸಿ ಬಾ, ನಾನು ಕಚ್ತೀನಿ."

ಏಪ್ರಿಲ್ 20, ಭಾನುವಾರ

ಹನ್ನೊಂದರಲ್ಲಿ ಏಳು ಮುಗಿದವು. ಒಬ್ಬ ಡಾಕ್ಟರು ಫೋನಿನಲ್ಲೇ, "ನಿಮ್ಮ ಸೆಟ್ ಹಾಕ್ಕೊಂಡ ಯಜಮಾನರು ಊಟ ಮಾಡಿ ಅತ್ತರಂತೆ" ಅಂದರು. ಅಳುವಂಥದ್ದು ಏನಿತ್ತಪ್ಪಾ ಅಂದುಕೊಳ್ಳುತ್ತಲೇ ನನಗೂ ಕಣ್ಣು ತುಂಬಿತು.

ಸೈಕಲ್ ಮಾತ್ರ ಹಿಂದೆ ಬಿದ್ದಿದೆ. ಈ ತಿಂಗಳು ಒಂದೇ ಒಂದು ಸಲ ಅರವತ್ತು ಕಿಲೋಮೀಟರ್. ಉಳಿದಿರುವುದು ಹದಿನಾಲ್ಕೇ ದಿನ! ಇವತ್ತು ಉಳಿದ ಹೊತ್ತಿನಲ್ಲಿ ಹಿಂದಿನ ಕೋಣೆಯ ಬಾಗಿಲಿಗೆ ಬಣ್ಣ ಹೊಡೆದೆ. ಡಬ್ಬಿ ಒಣಗಿ ಹೋಗುತ್ತಿತ್ತು ಅಂತ.

ಮೇ 3, ಶನಿವಾರ

ಸೈಕಲ್ ಒರೆಸಿದೆ. ನೀರಿನ ಬಾಟಲಿ ತುಂಬಿದೆ. ಖಾಲಿ ಮಾಡಿ ಮತ್ತೆ ತುಂಬಿದೆ. ಅಕ್ಕ ಬಂದಿದ್ದಾಳೆ, ನಾಳೆ ನೋಡಲು. "ಯಾವ ಕಡೆ ನಿಂತ್ಕೊಳ್ಲಿ, ಶುರುವಲ್ಲಾ, ಮಧ್ಯದಲ್ಲಾ?" ಅಂತ ಕೇಳಿದಳು. ಉತ್ತರ ಕೊಡಲು ಮರೆತುಹೋಯಿತು, ಬೂಟಿನ ದಾರ ಹುಡುಕುತ್ತಿದ್ದೆ.

ಮೇ 5, ಸೋಮವಾರ

ಮೆಟ್ಟಿಲು ಇಳಿಯಲಾಗುತ್ತಿಲ್ಲ. ಹಿಂದುಮುಂದಾಗಿ ಇಳಿಯುತ್ತಿದ್ದೇನೆ. ಎಲ್ಲ ಬರೆಯಬೇಕು, ಒಂದೂ ಬಿಡಬಾರದು.

ನಿನ್ನೆ ಬೆಳಿಗ್ಗೆ ಏಳಕ್ಕೆ ಕೆರೆಗೆ ಇಳಿದೆವು. ಸುತ್ತ ಕೈಕಾಲುಗಳ ಜಾತ್ರೆ. ಒಂದು ಒದೆ ಮೂಗಿಗೆ ಬಿತ್ತು. ಅಜ್ಜಿಯ ವರ್ಷಗಳನ್ನು ಹಿಡಿದುಕೊಂಡೆ: ಏಳಕ್ಕೆ ಸ್ಕೂಲು, ಇಪ್ಪತ್ತೊಂದಕ್ಕೆ ಕೆಲಸ, ಅರವತ್ತಕ್ಕೆ ಈಜು. ಎಪ್ಪತ್ತಾರಕ್ಕೆ ಕೈಗೆ ಮಣ್ಣು ತಾಗಿತು. ಅರವತ್ತಾರು ನಿಮಿಷ! ನೀರಿನಿಂದ ಕಿರುಚುತ್ತಾ ಎದ್ದು ಬಂದೆ.

ಸೈಕಲ್ ಎಪ್ಪತ್ತು ಕಿಲೋಮೀಟರಿನವರೆಗೆ ಹಬ್ಬ. ಆಮೇಲೆ ತುಳಿಯದೆ ಬಿಟ್ಟ ಭಾನುವಾರಗಳು ಒಂದೊಂದಾಗಿ ಬಂದು ತೊಡೆಯ ಮೇಲೆ ಕೂತವು. ಕೊನೆಯ ಇಪ್ಪತ್ತು ಹೇಗೆ ತುಳಿದೆನೋ! ಓಟ ಶುರು ಮಾಡಿದಾಗ ಹನ್ನೆರಡೂ ನಲವತ್ತು. ಮೂರೂವರೆಗೆ ಗಡುವು.

ಒಂದು, ಎರಡು, ಮೇಲಿನ ಮುಂದಿನ ಹಲ್ಲು. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಹತ್ತನೇ ಹಲ್ಲಿಗೆ ಓಟ ನಡಿಗೆಯಾಯಿತು. ಹತ್ತೊಂಬತ್ತರಲ್ಲಿ ನಿಂತು ಕಲ್ಲಿನ ಮೇಲೆ ಕೂತೆ. ಸತ್ಯ ಬರೆಯುತ್ತೇನೆ, ಅಲ್ಲಿ ಅಕ್ಕ ನೆನಪಾಗಲಿಲ್ಲ, ಹೆಸರು ನೆನಪಾಗಲಿಲ್ಲ. ಒಂದೇ ಕಡೆ ಭಾರ ಬಿದ್ದ ಆ ನೀಲಿ ಚುಕ್ಕೆ ನೆನಪಾಯಿತು. ಎದ್ದೆ.

ಇಪ್ಪತ್ತಾರನೇ ಹಲ್ಲಿನ ಹತ್ತಿರ ಒಂದು ವ್ಯಾನು ಪಕ್ಕಕ್ಕೆ ಬಂತು. ಕೊರಳಿಗೆ ಸೀಟಿ ಹಾಕಿಕೊಂಡಿದ್ದವರು ತಲೆ ಹೊರಗೆ ಹಾಕಿ, "ಮೇಡಂ, ಮೂರೂವರೆ ಆಯ್ತು. ಟೈಮ್ ಮುಗೀತು. ಹತ್ತಿ, ಬಿಟ್ಟುಬರ್ತೀವಿ" ಅಂದರು.

"ಇನ್ನು ಎರಡು ಉಳಿದಿವೆ."

"ಏನು ಎರಡು?"

"ದವಡೆ ಹಲ್ಲು."

ಬಿಸಿಲಿಗೆ ತಲೆ ಕೆಟ್ಟಿದೆ ಅಂತಲೇ ಅಂದುಕೊಂಡಿರಬೇಕು. ನೀರು ಕೊಟ್ಟರು. "ಓಡಿದ್ರೂ ಲೆಕ್ಕಕ್ಕೆ ಬರಲ್ಲ ಮೇಡಂ. ಪಟ್ಟಿಯಲ್ಲಿ ಹೆಸರಿನ ಮುಂದೆ ಏನೂ ಬರೆಯಲ್ಲ."

"ಬರೀಬೇಡಿ. ಓಡೋಕೆ ಅಡ್ಡಿಯಿಲ್ಲ ತಾನೇ?"

ವ್ಯಾನು ನನ್ನ ಹಿಂದೆ ಹಿಂದೆಯೇ ನಿಧಾನವಾಗಿ ಬಂತು. ಇಪ್ಪತ್ತೇಳು, ಇಪ್ಪತ್ತೆಂಟು, ಮುಕ್ತಾಯ ಕಣ್ಣಿಗೆ ಬಿತ್ತು. ಅಲ್ಲಿ ಗಾಳಿ ತುಂಬಿ ನಿಲ್ಲಿಸಿದ್ದ ಕಮಾನನ್ನು ಇಳಿಸಿ ಮಡಚುತ್ತಿದ್ದರು. ಗಡಿಯಾರ ಎತ್ತಿಕೊಂಡು ಹೋಗಿಯಾಗಿತ್ತು. ನೆಲದ ಮೇಲೆ ಬಿಳಿ ಗೆರೆ ಮಾತ್ರ ಉಳಿದಿತ್ತು. ಅದರಾಚೆ ನಮ್ಮವರು, ಮೇ ತಿಂಗಳ ಆ ಸುಡು ಬಿಸಿಲಿನಲ್ಲಿ ಎರಡು ತೋಳಿನ ಸ್ವೆಟರ್ ಹಾಕಿಕೊಂಡು ಬೆವರಿನಲ್ಲಿ ತೊಯ್ದು ನಿಂತಿದ್ದರು. ಅಕ್ಕ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಜ್ಜಿ ಮಡಚುವ ಕುರ್ಚಿಯಲ್ಲಿ ಕೂತು ಕೂಗಿದರು: "ಗಡಿಯಾರ ಹೋದ್ರೆ ಹೋಗ್ಲಿ! ಎಣಿಸೋಕೆ ನಾನಿದ್ದೀನಿ. ಬಾ, ಬಾ!"

ಆ ಮೇಲಿನ ನೂರು ಮೀಟರ್ ನಕ್ಕೆ, ಅತ್ತೆ, ಎರಡೂ ಮಾಡಿದೆ. ಗೆರೆ ದಾಟಿ ಅಜ್ಜಿಯ ಕಾಲ ಬಳಿ ಕುಸಿದೆ.

ಅಜ್ಜಿ ಚೀಲದಿಂದ ಕ್ಯಾರೆಟ್ ತುಂಡು ತೆಗೆದು ದವಡೆಗಿಟ್ಟು ಕಣ್ಣು ಮುಚ್ಚಿ ಕಚ್ಚಿದರು. ಕಟಂ! ವ್ಯಾನಿನವರೂ ತಿರುಗಿ ನೋಡಿದರು.

"ಕೇಳಿಸ್ತೇನೇ?"

"ಕೇಳಿಸ್ತು ಅಜ್ಜಿ."

ತುಂಡು ಪೂರ್ತಿ ಮುಗಿಯುವವರೆಗೆ ನಾವೆಲ್ಲ ಆ ಸದ್ದನ್ನೇ ಕೇಳುತ್ತಾ ಇದ್ದೆವು.

ಮೇ 7, ಬುಧವಾರ

ಪಟ್ಟಿ ಬಂದಿದೆ. ನನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದಾರೆ. ನೋಡಿ ಮಡಚಿಟ್ಟೆ.

ಊರಿಗೆ ಮರಳಿದ ಅಕ್ಕ ಬೆಳಿಗ್ಗೆ ಫೋನ್ ಮಾಡಿದ್ದಳು. ಕಾಲು ನೋವು ಹೇಗಿದೆ ಅಂತ ಕೇಳಿದಳು, ಅಷ್ಟೇ. ಮಾತು ಏನೋ ಬೇರೆ ಥರ ಇತ್ತಲ್ಲ ಅನ್ನಿಸಿತು. ಫೋನ್ ಇಟ್ಟ ಮೇಲೆ ಹೊಳೆಯಿತು, ನನ್ನ ಹೆಸರು ಹಿಡಿದು ಕರೆದಿದ್ದಳು.

ಉಳಿದ ನಾಲ್ಕು ಸೆಟ್ಟಿನಲ್ಲಿ ಎರಡು ಇವತ್ತು ಲ್ಯಾಬಿಗೆ ಬಂದವು. ನೀಲಿ ಕಾಗದ ಮುಗಿದಿದೆ, ತರಿಸಲು ಬರೆದು ಹಾಕಬೇಕು. ನಾಳೆಯಿಂದ ಮತ್ತೆ ಕೊಳಕ್ಕೆ. ಬರುವ ಶುಕ್ರವಾರ ಅಜ್ಜಿಗೆ ಎಪ್ಪತ್ತೇಳು ತುಂಬುತ್ತದೆ. ಒಂದು ಸುತ್ತು ಜಾಸ್ತಿ ಈಜಬೇಕು.